ಸಿಗ್ನಲ್ ಇಲ್ಲದ ದಿನಕ್ಕೂ ದುಡ್ಡು ಯಾಕೆ?

ರೀಚಾರ್ಜ್ ಹಣ ಮುಗಿದ ಕೂಡಲೇ ಚಾನೆಲ್ ನಿಲ್ಲಿಸುವುದು ಡಿಟಿಎಚ್ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಕಂಪನಿಯ ಸಿಗ್ನಲ್ಲೇ ಎರಡು ದಿನ ಬಾರದಿದ್ದರೆ? ಆ ಎರಡು ದಿನವೂ ಗ್ರಾಹಕರ ಲೆಕ್ಕದಲ್ಲೇ ಕಳೆದುಹೋಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಪ್ರತಿ ಮಳೆಗಾಲವೂ ನಡೆಯುವ ಈ ಅನ್ಯಾಯವನ್ನು ನಾವು ಬಹಳ ವರ್ಷ ಸಹಿಸಿಕೊಂಡಿದ್ದೇವೆ.

ಕಾಲ್ ಸೆಂಟರ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: ‘ಸರ್, ಹವಾಮಾನದ ತೊಂದರೆ, ಮಳೆ ನಿಂತ ಮೇಲೆ ಸರಿಹೋಗುತ್ತೆ.’ ಇದರಲ್ಲಿ ಅರ್ಧ ಸತ್ಯವಿದೆ. ಡಿಟಿಎಚ್ ಪ್ರಸಾರ ನಡೆಯುವುದು ಕೆಯು ಬ್ಯಾಂಡ್ ಎಂಬ ರೇಡಿಯೊ ತರಂಗಗಳಲ್ಲಿ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಹೊರಟ ಈ ತರಂಗಗಳನ್ನು ದಪ್ಪ ಹನಿಯ ಮಳೆ ಹೀರಿಕೊಂಡು ಚದುರಿಸಿಬಿಡುತ್ತದೆ. ಅಂಥ ಅಡಚಣೆ ಜಡಿಮಳೆ ಹೊಯ್ಯುವಷ್ಟು ಹೊತ್ತು ಮಾತ್ರ. ಮಳೆ ಹೊಳವಾಗಿ ಮರುದಿನ ಬಿಸಿಲು ಬಿದ್ದರೂ ಪರದೆ ಕಪ್ಪಾಗಿಯೇ ಇದ್ದರೆ ತಪ್ಪನ್ನು ಮಳೆಯ ಮೇಲೆ ಹಾಕಲಾಗದು.

ಮಳೆಯ ಅಡಚಣೆಗೂ ಪರಿಹಾರವಿಲ್ಲವೆಂದಲ್ಲ. ಸಾಮಾನ್ಯವಾಗಿ ಮನೆಗಳಿಗೆ ಕೊಡುವುದು 60 ಸೆಂಟಿಮೀಟರ್ ಆಸುಪಾಸಿನ ಡಿಶ್. 90 ಸೆಂಟಿಮೀಟರಿನದು ಹಾಕಿದರೆ ತರಂಗ ಹಿಡಿಯುವ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಮಳೆಯನ್ನು ತಾಳುವ ಶಕ್ತಿಯೂ ಏರುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಗೂ ಬಯಲುಸೀಮೆಯ ಬಳ್ಳಾರಿಗೂ ಒಂದೇ ಅಳತೆಯ ಡಿಶ್ ಹಂಚುವುದು ಯಾವ ನ್ಯಾಯ? ಮಳೆ ಹೊಸದಾಗಿ ಬಂದದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನಾಗುತ್ತದೆಂದು ತಿಳಿದೇ ಕಂಪನಿಗಳು ವ್ಯಾಪಾರಕ್ಕೆ ಇಳಿದಿವೆ.

ದೂರು ಕೊಟ್ಟು, ಮತ್ತೆ ಮತ್ತೆ ನೆನಪಿಸಿದ ಮೇಲೆ ಟೆಕ್ನಿಷಿಯನ್ ಬರುತ್ತಾನೆ. ನಮ್ಮ ಕಡೆ ಅವನ ಕೆಲಸವನ್ನು ಹತ್ತಿರ ನಿಂತು ನೋಡಿದ್ದೇನೆ. ಹಾವಸೆ ಹಿಡಿದ ಟೆರೇಸಿನ ಮೇಲೆ ಜಾರದಂತೆ ಹೆಜ್ಜೆಯಿಟ್ಟು ಹೋಗಿ, ಡಿಶ್ಶಿನ ಮುಂದೆ ತರಂಗ ಹಿಡಿಯುವ ಎಲ್‌ಎನ್‌ಬಿಗೆ ಸೇರಿಸಿದ ಕೇಬಲ್ಲಿನ ತುದಿ ಬಿಚ್ಚುತ್ತಾನೆ. ಒಳಗೆ ನೀರು ಇಳಿದು ತಾಮ್ರದ ತಂತಿಗೆ ಹಸಿರು ಕಿಲುಬು ಹತ್ತಿರುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುತ್ತಾನೆ. ‘ಗಾಳಿಗೆ ಡಿಶ್ಶೂ ತಿರುಗಿದೆ ಮಾರಾಯ್ರೇ’ ಎನ್ನುತ್ತ ತುಕ್ಕು ಹಿಡಿದ ನಟ್ಟು ಸಡಿಲಿಸಿ ಕೂದಲೆಳೆಯಷ್ಟು ಹೊರಳಿಸುತ್ತಾನೆ. ಚಿತ್ರ ಬರುತ್ತದೆ. ಆಮೇಲೆ ವಿಸಿಟಿಂಗ್ ಚಾರ್ಜ್. ಅವನ ಮೇಲೆ ನನಗೆ ಸಿಟ್ಟಿಲ್ಲ. ಜೀವ ಕೈಯಲ್ಲಿ ಹಿಡಿದು ದುಡಿಯುವವನು ಅವನು. ಆದರೆ ಮೊದಲೇ ಕನೆಕ್ಟರಿಗೆ ಸರಿಯಾಗಿ ಟೇಪು ಸುತ್ತದೆ, ತುಕ್ಕು ಹಿಡಿಯುವ ಕಂಬ ನಿಲ್ಲಿಸಿ ಹೋದದ್ದು ಕಂಪನಿ. ಅದನ್ನು ಸರಿಪಡಿಸುವ ಖರ್ಚನ್ನು ನಾವೇಕೆ ಹೊರಬೇಕು?

ಕಾನೂನು ಇಲ್ಲವೇ ಎಂದರೆ, ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2017ರಲ್ಲಿ ತಂದ ನಿಯಮಾವಳಿಯ ಪ್ರಕಾರ ‘ಸಿಗ್ನಲ್ ಇಲ್ಲ’ ಎಂಬ ದೂರನ್ನು 24 ಗಂಟೆಯೊಳಗೆ ಬಗೆಹರಿಸಬೇಕು. ಸತತ 72 ಗಂಟೆಗೂ ಹೆಚ್ಚು ಸೇವೆ ನಿಂತರೆ ಆ ಅವಧಿಯ ಶುಲ್ಕ ಕೊಡಬೇಕಿಲ್ಲ. ಈ 72 ಗಂಟೆಯೇ ಕಂಪನಿಗಳು ನುಸುಳಿಕೊಳ್ಳುವ ಕಂಡಿ. ಎರಡು ದಿನ ಹೋಗಿ ಒಂದು ದಿನ ಬಂದು ಮತ್ತೆರಡು ದಿನ ಹೋದರೆ ನಾಲ್ಕು ದಿನ ನಷ್ಟವಾದರೂ ಪರಿಹಾರವಿಲ್ಲ, ಏಕೆಂದರೆ ಅದು ‘ಸತತ’ ಅಲ್ಲ! ಇದರ ಮೇಲೆ 2024ರ ಜುಲೈನಲ್ಲಿ ಟ್ರಾಯ್, 200 ಚಾನೆಲ್‌ಗಳವರೆಗೆ ತಿಂಗಳಿಗೆ 130 ರೂಪಾಯಿ ಎಂದಿದ್ದ ನೆಟ್‌ವರ್ಕ್ ಶುಲ್ಕದ ಮಿತಿಯನ್ನು ತೆಗೆದುಹಾಕಿತು. ಭೇಟಿ ಶುಲ್ಕವನ್ನೂ ಕಂಪನಿಗಳ ಇಷ್ಟಕ್ಕೇ ಬಿಟ್ಟಿತು. ದರ ನಿಗದಿ ಮಾಡುವ ಸ್ವಾತಂತ್ರ್ಯ ಕೊಟ್ಟವರು ಅದಕ್ಕೆ ತಕ್ಕ ಹೊಣೆಯನ್ನೂ ಹೊರಿಸಬೇಕಿತ್ತು.

ಡಿಟಿಎಚ್ ಏಕಮುಖ ಸಂಪರ್ಕ, ಪರಿಹಾರ ಕೊಡಲು ಯಾರ ಮನೆಯಲ್ಲಿ ಸಿಗ್ನಲ್ ಹೋಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬರಬಹುದು. ದೋಷ ಮೇಲೆ ಉಪಗ್ರಹದಲ್ಲೇ ಇದ್ದಾಗ ಕಂಪನಿಗೆ ಅದು ತಿಳಿದೇ ಇರುತ್ತದೆ. 2010ರ ಜುಲೈ 7ರಂದು ಇನ್ಸಾಟ್-4ಬಿ ಉಪಗ್ರಹದಲ್ಲಿ ವಿದ್ಯುತ್ ದೋಷ ಕಾಣಿಸಿಕೊಂಡು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳು ನಿಂತಾಗ ಆ ಸುದ್ದಿಯನ್ನು ಗ್ರಾಹಕರು ಕಂಪನಿಗೆ ಮುಟ್ಟಿಸಬೇಕಾಗಿರಲಿಲ್ಲ. ಇನ್ನು ಮನೆಯ ಡಿಶ್ಶಿನ ದೋಷವಾದರೆ, ನೋಂದಾಯಿತ ಮೊಬೈಲಿನಿಂದ ಒಂದು ಮಿಸ್ಡ್ ಕಾಲ್ ಸಾಕು. ರೀಚಾರ್ಜ್ ಹಣ ಬಂದದ್ದನ್ನು ಕ್ಷಣಾರ್ಧದಲ್ಲಿ ಗುರುತಿಸುವ ವ್ಯವಸ್ಥೆಗೆ ಇದೇನೂ ಕಷ್ಟವಲ್ಲ.

ಮೊಬೈಲಿನಲ್ಲೇ ನೋಡಬಹುದಲ್ಲ ಎನ್ನುವವರು ಒಮ್ಮೆ ಘಟ್ಟದ ಒಂಟಿಮನೆಗಳಿಗೆ ಬರಲಿ. ಕರೆಂಟು ಹೋದರೆ ಟವರ್ರೂ ಸ್ತಬ್ಧವಾಗುವ ಊರುಗಳವು. ವಯಸ್ಸಾದವರಿಗೆ ಮಳೆಗಾಲದ ಸಂಜೆಗೆ ಇರುವ ಜೊತೆಯೆಂದರೆ ಟಿ.ವಿ.ಯೇ, ಪ್ರವಾಹ, ಶಾಲೆಗೆ ರಜೆ, ಗುಡ್ಡ ಕುಸಿತದ ಸುದ್ದಿ ತಿಳಿಯುವುದೂ ಅದರಿಂದಲೇ.

ಟ್ರಾಯ್ 72 ಗಂಟೆಯ ನಿಯಮವನ್ನು 24ಕ್ಕೆ ಇಳಿಸಬೇಕು, ‘ಸತತ’ ಎಂಬ ಷರತ್ತನ್ನು ಕೈಬಿಡಬೇಕು. ಕಳೆದುಹೋದ ದಿನಗಳು ಗ್ರಾಹಕರು ಕೇಳದೆಯೇ ರೀಚಾರ್ಜ್ ಅವಧಿಗೆ ಸೇರಬೇಕು. ಹೆಚ್ಚು ಮಳೆಯ ತಾಲ್ಲೂಕುಗಳಲ್ಲಿ ದೊಡ್ಡ ಡಿಶ್ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಓದುಗರು ಸುಮ್ಮನಿರಬೇಡಿ. ಪ್ರತಿ ಸಲವೂ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಪರದೆಯ ಫೋಟೊ ತೆಗೆಯಿರಿ. ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ: ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ನಿಮ್ಮ ಜಿಲ್ಲೆಯಲ್ಲೇ ಸಲ್ಲಿಸಬಹುದು, ವಕೀಲರೂ ಬೇಕಿಲ್ಲ.