ಮಂಡಿ ಸವೆತ: ದುಡ್ಡು ಲ್ಯಾಬಿಗೋ, ತಾಲ್ಲೂಕು ಆಸ್ಪತ್ರೆಗೋ?

ಕಾವೇರಿ ಸೀಮೆಯ ಸೋಸಲೆಯಂಥ ಊರುಗಳಲ್ಲಿ ನಾಟಿ, ಕಳೆ ಎರಡೂ ಹೆಚ್ಚಾಗಿ ಹೆಂಗಸರ ಪಾಲು. ಗದ್ದೆಯಲ್ಲಿ ಕೆಸರಿನಿಂದ ಕಾಲು ಕಿತ್ತಿಡಬೇಕು, ಮನೆಗೆ ಬಂದರೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜಬೇಕು. ವಯಸ್ಸಾದಂತೆ ಮಂಡಿ ಸವೆಯುತ್ತದೆ. ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆಯಿತ್ತು; ಅವರಲ್ಲಿ ಶೇ. 60ರಷ್ಟು ಹೆಂಗಸರು. ಈ ಕಾಯಿಲೆಗೆಂದು ತೆಗೆದಿಡುವ ಸಾರ್ವಜನಿಕರ ಹಣ ಎಂಜಿನಿಯರಿಂಗ್ ಸಂಶೋಧನೆಗೆ ಹೋಗಬೇಕೋ, ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಗೋ?

ಸಂಶೋಧನೆಯ ಪರವಾದ ವಾದ ಗಟ್ಟಿಯಾಗಿದೆ. ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳವಿಲ್ಲ. ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಮಂಡಿಯ ಲಿಗಮೆಂಟ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತಿಪ್ಪತ್ತು ವರ್ಷದಲ್ಲಿ ಸವೆತ ಕಾಣಿಸುತ್ತದೆ. ಸವೆತವನ್ನು ತಡೆಯುವ ಮದ್ದು ಇನ್ನೂ ಇಲ್ಲ. ಮಂಡಿಗೆ ಚುಚ್ಚಿದ ಔಷಧ ಬೇಗನೆ ಸೋರಿಹೋಗುವುದೂ ಒಂದು ತೊಡಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್‌ವಾಲ್ ಅವರ ತಂಡ ರಾಪಮೈಸಿನ್ ಔಷಧವನ್ನು ಕರಗುವ ಪಾಲಿಮರ್ ಕಣಗಳಲ್ಲಿ ತುಂಬಿತು. ಇಲಿಗಳ ಕೀಲಿನಲ್ಲಿ ಆ ಕಣಗಳು ಸುಮಾರು ಒಂದು ತಿಂಗಳು ಉಳಿದವೆಂದು ವರದಿಯಾಯಿತು. ಅದೇ ಜಾತಿಯ ಪಾಲಿಮರ್‌ನಲ್ಲಿ ಸ್ಟಿರಾಯ್ಡ್ ತುಂಬಿದ ಮಂಡಿ ಚುಚ್ಚುಮದ್ದಿಗೆ ಅಮೆರಿಕ 2017ರಲ್ಲಿ ಅನುಮತಿ ಕೊಟ್ಟಿದೆ. ಲ್ಯಾಬಿನ ಕೆಲಸ ರೋಗಿಯನ್ನು ಮುಟ್ಟಬಲ್ಲದು.

ಆದರೆ ಇಲಿಯ ಮಂಡಿ ಮನುಷ್ಯರ ಮಂಡಿಯಲ್ಲ. ಅಲ್ಲಿಂದ ಇಲ್ಲಿಗೆ ಬರಲು ವರ್ಷಗಳೇ ಬೇಕು. ಅನೇಕ ಮದ್ದುಗಳು ನಡುವೆಯೇ ನಿಂತುಹೋಗುತ್ತವೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು ಇವತ್ತೇ ನೋವು ತಗ್ಗಿಸುತ್ತವೆ. ಸವೆತ ತೀರಾ ಹೆಚ್ಚಾದವರಿಗೆ ಆಪರೇಷನ್ ಮಾಡಿ ಕೃತಕ ಮಂಡಿ ಹಾಕುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಕೃತಕ ಮಂಡಿಯ ಬೆಲೆಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಆಸ್ಪತ್ರೆಯ ಖರ್ಚು ಬೇರೆ. ಆಪರೇಷನ್ ಆದಮೇಲೆ ಕುಕ್ಕರುಗಾಲಲ್ಲಿ ಕೂರಬೇಡಿ ಎನ್ನುವುದು ವಾಡಿಕೆ. ಕೂಲಿಯವರಿಗೆ ಅದು ಅನ್ನದ ಪ್ರಶ್ನೆ. ವ್ಯಾಯಾಮಕ್ಕೂ ಮಿತಿಯಿದೆ: ನೋವು ಇಳಿದರೂ ಮೃದ್ವಸ್ಥಿ ಮರಳದು, ಕಲಿಯಲು ಹೋದ ದಿನದ ಕೂಲಿ ಹೋಗುತ್ತದೆ.

ಎರಡನ್ನೂ ತೂಗಿದರೆ ಮೊದಲ ರೂಪಾಯಿ ಫಿಸಿಯೋಥೆರಪಿಗೆ ಸಲ್ಲಬೇಕು ಎಂದೇ ನನ್ನ ಅಭಿಪ್ರಾಯ. ನೋಯುತ್ತಿರುವವರು ಕಾಯಲಾರರು. ಹಾಗೆಂದು ಲ್ಯಾಬಿನ ಅನುದಾನ ಕಡಿಯುವುದೂ ತಪ್ಪು. ಕೃತಕ ಮಂಡಿಯೊಳಗೆ ಸೆನ್ಸರ್ ಇಟ್ಟು, ನಡೆಯುವಾಗ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆಂದು ಅಳೆದು ತೋರಿಸಿದವರು ಎಂಜಿನಿಯರುಗಳು. ಆ ಅಳತೆಗಳು ಬಹುಪಾಲು ಜರ್ಮನಿ, ಅಮೆರಿಕದವು. ಹೆಚ್ಚಾಗಿ ನಡಿಗೆ, ಮೆಟ್ಟಿಲು, ಕುರ್ಚಿಯಿಂದ ಏಳುವುದನ್ನು ಕುರಿತವು. ಕೆಸರುಗದ್ದೆಯ ಮಂಡಿಯ ಲೆಕ್ಕ ಅವುಗಳಿಂದ ಸಿಗದು. ನಮ್ಮ ಸಂಶೋಧನೆಯ ಅನುದಾನಕ್ಕೆ ಒಂದು ಷರತ್ತಿರಲಿ: ಅಳೆಯುವ ಯಂತ್ರಗಳು ನಾಟಿಯ ಕಾಲಕ್ಕೆ ಗದ್ದೆಬಯಲಿಗೆ ಬರಲಿ, ಸಿಕ್ಕ ಲೆಕ್ಕ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟರ ಕೈಗೂ ಸೇರಲಿ.