ಆರು ತುಂಬುವ ಮುಂಚಿನ ಕನ್ನಡ

ಈ ಸಲ ನಮ್ಮ ಪತ್ರಿಕೆಯ ಸಂಚಿಕೆ ಯಾಕೆ ತಡವಾಯಿತು ಅಂತ ಎಲ್ಲರಿಗೂ ಗೊತ್ತಿದೆ. ರಾಜ್ಯೋತ್ಸವ ಮುಗಿದ ಮೇಲೆ ಸೇರಿದ ಸಭೆಯಲ್ಲಿ ಎದ್ದ ಮಾತು ಸಮಿತಿಯನ್ನೇ ಇಬ್ಭಾಗ ಮಾಡಿತು. ಲೇಖನ ಕೊಡುತ್ತೇವೆಂದವರು ಕೊಡಲಿಲ್ಲ, ಪ್ರೂಫ್ ನೋಡುತ್ತೇವೆಂದವರು ಫೋನ್ ಎತ್ತಲಿಲ್ಲ. ಕೊನೆಗೆ ಸಂಪಾದಕೀಯದ ಹೊಣೆ ನನ್ನ ಮೇಲೆ ಬಿತ್ತು. ಆ ಜಗಳದ ಮಾತು ಬಿಟ್ಟು ಬೇರೇನೋ ಬರೆದು ಪುಟ ತುಂಬಿಸಲು ನನಗೆ ಮನಸ್ಸಿಲ್ಲ.

ರಾಜ್ಯೋತ್ಸವದ ಸಣ್ಣ ಮಕ್ಕಳ ಕಾರ್ಯಕ್ರಮದಲ್ಲಿ ನಮ್ಮ ತೆಲಂಗಾಣದ ನಾರಾಯಣಪೇಟೆ, ಗದ್ವಾಲ, ಮಕ್ತಲ್ ಮೂರೂ ಕಡೆಯ ಕೂಸುಗಳು ವೇದಿಕೆ ಹತ್ತಿದವು. ನರ್ಸರಿ, ಎಲ್‌ಕೆಜಿ ಮಕ್ಕಳು ಟೈ ಕಟ್ಟಿಕೊಂಡು ಇಂಗ್ಲಿಷ್ ರೈಮ್ಸ್ ಹೇಳಿದರು. ಕೆಲವರು ಸಿನಿಮಾ ಹಾಡಿಗೆ ಕುಣಿದರು. ಕನ್ನಡದಲ್ಲಿ ಬಾಯಿ ತೆರೆದದ್ದು ಮಕ್ತಲದ ಒಂದು ಕ್ರೈಸ್ತ ಮನೆಯ ನಾಲ್ಕು ವರ್ಷದ ಹುಡುಗಿ ಮಾತ್ರ. ನೋಹನ ನಾವೆಗೆ ಹತ್ತಿದ ಪ್ರಾಣಿಗಳನ್ನೆಲ್ಲ, ಎಮ್ಮೆ, ಕತ್ತೆ, ಮುಂಗುಸಿ, ಕೌಜುಗವನ್ನೂ ಬಿಡದೆ, ಅವ್ವ ಕಟ್ಟಿಕೊಟ್ಟ ಹಾಡಿನಲ್ಲಿ ಹೆಸರು ಹಿಡಿದು ಕರೆಯಿತು. ಸಭೆಯಲ್ಲಿ ಒಬ್ಬ ಹಿರಿಯರು, "ಅದು ಚರ್ಚಿನ ಹಾಡಲ್ರೀ, ರಾಜ್ಯೋತ್ಸವದಾಗ ಯಾಕ ಬೇಕಿತ್ತು?" ಎಂದರು. ಇನ್ನಿಬ್ಬರು ದನಿಗೂಡಿಸಿದರು. ಉಳಿದ ಮಕ್ಕಳಲ್ಲಿ ಒಬ್ಬರೂ ಕನ್ನಡದಲ್ಲಿ ಹಾಡದಿದ್ದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ.

ಚರ್ಚಿನ ಹಾಡಿಗೂ ಕನ್ನಡಕ್ಕೂ ಸಂಬಂಧ ಏನು ಅನ್ನುವವರಿಗೆ ಉತ್ತರ ದೂರ ಹುಡುಕಬೇಕಿಲ್ಲ. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ, ನಮ್ಮ ಪಕ್ಕದ ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಶಬ್ದಕ್ಕೆ ಅರ್ಥ ತಿಳಿಯದಾಗ ಇಂದಿಗೂ ನಾವು ತೆಗೆಯುವ ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿಂದ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಗಳು. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ನಮ್ಮ ಗದ್ವಾಲ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಸರ್ವಜ್ಞನನ್ನು ಪ್ರತಿ ಭಾಷಣದಲ್ಲಿ ಎತ್ತಿಕೊಳ್ಳುವ ನಾವು ಒಂದು ಕೂಸಿನ ಹಾಡಿಗೆ ಜಾತಿ ಹುಡುಕಿದೆವಲ್ಲ!

ಜಗಳ ತಣ್ಣಗಾದ ಮೇಲೆ ಆ ಹುಡುಗಿಯ ಮನೆಗೆ ಹೋಗಿ ಬಂದೆ. ಆ ತಾಯಿ ರಾಯಚೂರಿನ ಮೆಥಡಿಸ್ಟ್ ಸಭೆಯವರ ಮಗಳು, ಕನ್ನಡದಲ್ಲೇ ಪ್ರಾರ್ಥನೆ ಕಲಿತವರು. ಮದುವೆಯಾಗಿ ಬಂದ ಊರಿನಲ್ಲಿ ಆರಾಧನೆಯೆಲ್ಲ ತೆಲುಗಿನಲ್ಲಿ. ಅದಕ್ಕೆ ಅವರದೇನೂ ತಕರಾರಿಲ್ಲ. ಆದರೆ ಮನೆಯೊಳಗಿನ ಕುಟುಂಬ ಪ್ರಾರ್ಥನೆ ಕನ್ನಡದಲ್ಲೇ ನಡೆಯಬೇಕೆಂದು ಹಟ ಹಿಡಿದರು. ಮಗಳಿಗೆ ಮೂರು ತುಂಬಿದಾಗ ಓಣಿಯವರೆಲ್ಲ ಶಾಲೆಯ ವ್ಯಾನು ತೋರಿಸಿದರು. ಅವರು ಕಳಿಸಲಿಲ್ಲ. ಪಟ್ಟಣದವರು ಹೋಂಸ್ಕೂಲಿಂಗ್ ಎಂದು ಕರೆಯುವುದನ್ನು ಇವರು ಹೆಸರಿಡದೆ ಅಡುಗೆಮನೆಯಲ್ಲಿ ಶುರು ಮಾಡಿದರು.

ಕಲಿಸುವ ಬಗೆ ನೋಡಬೇಕು. ಐದು ರೊಟ್ಟಿ, ಎರಡು ಮೀನಿನ ಕಥೆ ಹೇಳುವ ದಿನ ಮಗುವಿನ ಕೈಗೆ ಜೋಳದ ಹಿಟ್ಟಿನ ಉಂಡೆ ಕೊಡುತ್ತಾರೆ. ಅದು ಐದು ಪುಟ್ಟ ರೊಟ್ಟಿ ತಟ್ಟಬೇಕು, ಹಿಟ್ಟಿನಲ್ಲೇ ಎರಡು ಮೀನು ಮಾಡಬೇಕು, ಆಮೇಲೆ ಮನೆಯಲ್ಲಿದ್ದವರಿಗೆಲ್ಲ ಮುರಿದು ಹಂಚಬೇಕು. ಎಣಿಕೆ, ಅರ್ಧ, ಕಾಲು ಎಲ್ಲ ಅಲ್ಲೇ ಬಂತು. ನೋಹನ ಕಥೆಗೆ ಶೇಂಗಾ ಸಿಪ್ಪೆಯ ದೋಣಿ, ಬೋಗುಣಿ ತುಂಬ ನೀರು. ಪ್ರಾಣಿಗಳು ಎರಡೆರಡಾಗಿ ಹತ್ತಬೇಕು. ಯೋಸೇಫನ ಬಣ್ಣದ ಅಂಗಿಗೆ ನಾರಾಯಣಪೇಟೆ ಸೀರೆಯ ತುಂಡುಗಳು. ಬಣ್ಣದ ಹೆಸರಿನ ಜೊತೆಗೆ ಅಂಚು, ಸೆರಗು, ಚೌಕಡಿ ಅನ್ನುವ ಮಾತುಗಳೂ ಆ ಕೂಸಿನ ಬಾಯಿಗೆ ಬಂದಿವೆ. ನೇಕಾರರ ಊರಲ್ಲಿ ಹುಟ್ಟಿದ ಎಷ್ಟು ಮಕ್ಕಳಿಗೆ ಇವತ್ತು ಈ ಮಾತು ಗೊತ್ತು?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಪ್ಪಿಸಿಕೊಂಡ ಕುರಿಯ ಆಟ. ಬಟ್ಟೆಯ ಕುರಿಯೊಂದನ್ನು ತಾಯಿ ಮನೆಯಲ್ಲಿ ಎಲ್ಲೋ ಬಚ್ಚಿಡುತ್ತಾರೆ. ಮಗು ಕುರುಬನಾಗಿ ಹುಡುಕಬೇಕು. "ಮೇಲೆ ನೋಡಿದಿ? ಕೆಳಗ? ಗಡಿಗಿ ಹಿಂದ? ಚೀಲದೊಳಗ?" ಅಂತ ಅವರು ಕೇಳುತ್ತಾ ಹೋದ ಹಾಗೆ ಮಗು ಒಂದೊಂದಕ್ಕೂ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುತ್ತದೆ. ಕುರಿ ಸಿಕ್ಕ ಕೂಡಲೇ ಹೆಗಲ ಮೇಲೆ ಹೊತ್ತು ಮನೆಯವರನ್ನೆಲ್ಲ ಕೂಗಿ ಕರೆಯುತ್ತದೆ. ಕೊಯ್ಲಾದ ಹೊಲಗಳಲ್ಲಿ ಕುರಿ ಹಿಂಡು ಕೂಡಿಸುವುದನ್ನು ಕಣ್ಣಾರೆ ಕಂಡ ಮಗುವಿಗೆ ಆ ಕಥೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಟ ಸಾಕೆಂದು ಅದು ಎದ್ದರೆ ಅವತ್ತಿನ ಪಾಠವೂ ಮುಗಿಯಿತು, ಕೂಡಿಸಿ ಬಲವಂತ ಮಾಡುವುದಿಲ್ಲ.

ಅಕ್ಷರಕ್ಕೆ ಇನ್ನೂ ಅವಸರ ಮಾಡಿಲ್ಲ. ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ರ, ಗ, ಸ, ದ, ಅ ಬರೆಸುತ್ತಾರೆ. ಇದು ಕರ್ನಾಟಕದ ಸರಕಾರಿ ಶಾಲೆಗಳ ನಲಿ-ಕಲಿ ಕ್ರಮ, 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಬರೆಯಲು ಸುಲಭವಾದವು ಮೊದಲು, ಕಷ್ಟದವು ಆಮೇಲೆ. ರಾಯಚೂರಿನಲ್ಲಿ ಟೀಚರಾಗಿರುವ ಅವರ ಅಕ್ಕ ಹಳೆಯ ಕಾರ್ಡುಗಳನ್ನು ಕೊಟ್ಟಿದ್ದಾರೆ. ಅಪ್ಪ ಮಗಳಿಗೆ ಓದುವುದು ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಮಕ್ಕಳ ಪದ್ಯಗಳನ್ನು. ದೇವರ ಹಾಡಾದ ಮೇಲೆ ಅವು. ಆ ಮನೆಯಲ್ಲಿ ಎರಡಕ್ಕೂ ಜಾಗವಿದೆ.

ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅವು ಉಳಿಯಲಿ ಎಂದು ನಾವು ಮನವಿ ಕೊಟ್ಟದ್ದೇ ಕೊಟ್ಟದ್ದು. ಆದರೆ ಅಲ್ಲಿ ಒಂದನೇ ತರಗತಿಗೆ ಬರಬೇಕಾದ ಮಗುವನ್ನು ಮೂರನೇ ವಯಸ್ಸಿಗೇ ನಾವು ಇಂಗ್ಲಿಷ್ ನರ್ಸರಿಗೆ ಒಪ್ಪಿಸಿಬಿಟ್ಟಿರುತ್ತೇವೆ. ಆ ಮಗು ಆರು ವರ್ಷಕ್ಕೆ ಹಿಂದೆ ತಿರುಗಿ ಕನ್ನಡ ಶಾಲೆಗೆ ಬಂದೀತೆ? 2018ರ ಕಾನೂನಿನಿಂದ ಈ ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. 2022-23ರಿಂದ ಸರಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂತು. ತೆಲುಗು ನಮಗೆ ಅನ್ನ ಕೊಡುವ ನೆಲದ ಭಾಷೆ, ಮಕ್ಕಳು ಚೆನ್ನಾಗಿ ಕಲಿಯಲಿ. ಇಂಗ್ಲಿಷೂ ಬರಲಿ. ಈ ಎರಡನ್ನೂ ಸರಕಾರವೇ ಕಲಿಸುತ್ತದೆ. ಕನ್ನಡವನ್ನು ಕಲಿಸಲು ನಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಕಾನೂನು ಅಡ್ಡ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 14ರ ವಯಸ್ಸಿನ ಮಕ್ಕಳ ಬಗ್ಗೆ. ಆರರ ಒಳಗೆ ಮಗುವನ್ನು ಮನೆಯಲ್ಲಿಟ್ಟುಕೊಂಡರೆ ಕೇಳುವವರಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಮೂರರಿಂದ ಆರರವರೆಗಿನ ಈ ವರ್ಷಗಳು ಪೂರ್ತಿ ನಮ್ಮವು. ಅವನ್ನು ನಾವು ಫೀ ಕಟ್ಟಿ ಕಳೆದುಕೊಳ್ಳುತ್ತಿದ್ದೇವೆ. ನನ್ನ ತಂಗಿಯ ಮೊಮ್ಮಗನಿಗೆ ಬೆಳಗ್ಗೆ ಎದ್ದ ಕೂಡಲೇ ಟಿಫಿನ್, ಬ್ಯಾಗು, ವ್ಯಾನು. ಸಂಜೆ ಬಂದು ತೂಕಡಿಸುತ್ತಾ ಹೋಮ್‌ವರ್ಕ್ ಗೀಚುತ್ತಾನೆ. ಅವನ ಮುತ್ತಜ್ಜಿಗೆ, ಅಂದರೆ ನಮ್ಮವ್ವನಿಗೆ, ಬೀಸುವ ಪದಗಳೇ ರಾತ್ರಿ ಪೂರ್ತಿ ಹಾಡುವಷ್ಟು ಗೊತ್ತಿದ್ದವು. ಅದರಲ್ಲಿ ಒಂದಾದರೂ ಅವನ ಕಿವಿಗೆ ಬಿದ್ದಿಲ್ಲ. ಹೇಳಿದರೆ ಮನೆಯಲ್ಲಿ ಮುನಿಸು, ಹೇಳದಿದ್ದರೆ ನನಗೆ ನಿದ್ದೆಯಿಲ್ಲ.

ಎಲ್ಲರೂ ಮಕ್ಕಳನ್ನು ನರ್ಸರಿ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಕಷ್ಟ ಗೊತ್ತು. ಆ ತಾಯಿಯಂತೆ ದಿನವಿಡೀ ಆಗದಿದ್ದರೂ ರಾತ್ರಿ ಊಟದ ಹೊತ್ತಿನ ಅರ್ಧ ಗಂಟೆ ಆಗುತ್ತದೆ. ಅವರಿಗೆ ಸತ್ಯವೇದದ ಕಥೆಗಳಿದ್ದರೆ ನಮಗೆ ಪುಣ್ಯಕೋಟಿ ಇದೆ, ಹರಿದಾಸರಿದ್ದಾರೆ, ಬಸವಣ್ಣನವರಿದ್ದಾರೆ, ಒಗಟುಗಳಿವೆ. ನಮ್ಮಲ್ಲಿ ಇಲ್ಲವಾಗಿರುವುದು ಆ ಮನೆಯವರ ನಿಷ್ಠೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಮಕ್ತಲದಿಂದ ರಾಯಚೂರಿಗೆ ರೈಲಿನಲ್ಲೇ ಹೋಗಬಹುದು. ಆ ಕುಟುಂಬ ಆಗಾಗ ಹೋಗುತ್ತದೆ, ಮಗು ಅಲ್ಲಿ ಕನ್ನಡ ಆರಾಧನೆ ಕೇಳಲಿ, ಕನ್ನಡ ಪುಸ್ತಕ ಕೊಳ್ಳಲಿ ಎಂದು. ನಾವು ಅದೇ ರೈಲು ಹತ್ತುವುದು ಮದುವೆಗೆ, ಆಸ್ಪತ್ರೆಗೆ, ಬಟ್ಟೆಗೆ. ಪುಸ್ತಕದಂಗಡಿಗೆ ಎಂದು ಹೋದವರನ್ನು ನಾನು ಕಂಡಿಲ್ಲ.

ಆ ಹುಡುಗಿಯ ಹಾಡನ್ನು ಅವಳ ತಾಯಿಯ ಒಪ್ಪಿಗೆ ಪಡೆದು ಇದೇ ಸಂಚಿಕೆಯ ಮಕ್ಕಳ ವಿಭಾಗದಲ್ಲಿ ಅಚ್ಚು ಹಾಕಿದ್ದೇವೆ. ಸಮಿತಿಯಲ್ಲಿ ಒಪ್ಪದವರು ಒಪ್ಪದೆಯೇ ಉಳಿದಿದ್ದಾರೆ. ಬರುವ ರಾಜ್ಯೋತ್ಸವಕ್ಕೆ ಆರರೊಳಗಿನ ಮಕ್ಕಳಿಗೆ ಕನ್ನಡದ ಹಾಡು, ಕಥೆ, ಒಗಟು ಬಿಟ್ಟು ಬೇರೆ ಯಾವುದಕ್ಕೂ ವೇದಿಕೆ ಇಲ್ಲವೆಂದು ನಿರ್ಣಯವಾಗಿದೆ. ಯಾವ ಧರ್ಮದ ಹಾಡಾದರೂ ಸರಿ. ಪದಾಧಿಕಾರಿಗಳ ಮನೆಯ ಮಕ್ಕಳು, ಮೊಮ್ಮಕ್ಕಳ ಹೆಸರು ಮೊದಲು ಬರಲಿ. ದಸರೆ ರಜೆಯೊಳಗೆ ಬರೆಸಿ.