ಉಳಿಸಿಕೊಳ್ಳುವವರ ಪಟ್ಟಿ ಎಲ್ಲಿದೆ?

ಅಂತೂ 2025ರ ಜೂನ್ 27ರಂದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೆಸ್ಟರ್ ಸಿಟಿ ಬಾಯಿ ಬಿಟ್ಟಿತು. ಕೋಚ್ ರೂಡ್ ವಾನ್ ನಿಸ್ಟೆಲ್‌ರೂಯ್ ಜೊತೆಗಿನ ಒಪ್ಪಂದ ಪರಸ್ಪರ ಒಪ್ಪಿಗೆಯಿಂದ ಮುಗಿಯಿತಂತೆ. ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯುವುದು ಖಾತ್ರಿಯಾದದ್ದು ಏಪ್ರಿಲ್ 20ಕ್ಕೆ, ಲಿವರ್‌ಪೂಲ್ ಎದುರು 1-0 ಸೋತ ದಿನ. ನಡುವೆ ಹೋದದ್ದು 68 ದಿನ. ಈ ಕೋಚ್ ಕೈಯಲ್ಲಿ ತಂಡ ಆಡಿದ್ದು 27 ಪಂದ್ಯ, ಗೆದ್ದದ್ದು 5. ತವರು ಮೈದಾನದಲ್ಲಿ ಸತತ 9 ಲೀಗ್ ಪಂದ್ಯಗಳನ್ನು ಒಂದೇ ಒಂದು ಗೋಲು ಹೊಡೆಯದೆ ಸೋತ ತಂಡವಿದು. ಅವರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸಲು ಆಡಳಿತಕ್ಕೆ ಇನ್ನೇನು ಪುರಾವೆ ಬೇಕಿತ್ತು? ಇಟ್ಟುಕೊಳ್ಳುತ್ತೇವೆ ಎಂದು ಏಪ್ರಿಲ್‌ನಲ್ಲೇ ಹೇಳಿದ್ದರೂ ಒಪ್ಪಬಹುದಿತ್ತು. ಎರಡನ್ನೂ ಹೇಳದೆ ಕೂತದ್ದೇ ನನ್ನ ಸಿಟ್ಟಿಗೆ ಕಾರಣ.

ಜೊತೆಗೇ ಕೆಳಗಿಳಿದ ಇನ್ನೆರಡು ತಂಡಗಳನ್ನು ನೋಡಿ. ಸೌತಾಂಪ್ಟನ್ ಇಡೀ ಋತುವಿನಲ್ಲಿ ಗಳಿಸಿದ್ದು 12 ಅಂಕ. ಇನ್ನೂ 7 ಪಂದ್ಯ ಬಾಕಿ ಇರುವಾಗಲೇ ಹಿಂಬಡ್ತಿ ಪಡೆದು ಪ್ರೀಮಿಯರ್ ಲೀಗ್‌ನಲ್ಲಿ ಅತಿ ಬೇಗ ಹೊರಬಿದ್ದ ದಾಖಲೆ ಬರೆಯಿತು. ಅಂಥ ತಂಡವೂ ಮೇ ತಿಂಗಳು ಮುಗಿಯುವ ಮೊದಲೇ ವಿಲ್ ಸ್ಟಿಲ್ ಅವರನ್ನು ಕೋಚ್ ಎಂದು ಘೋಷಿಸಿತು. ಇಪ್ಸ್‌ವಿಚ್ ಟೌನ್ ಕೀರನ್ ಮೆಕೆನ್ನಾ ಅವರನ್ನು ಉಳಿಸಿಕೊಂಡಿತು. ಲೆಸ್ಟರ್ ಮಾತ್ರ ಕೋಚ್ ಯಾರೆಂದು ಗೊತ್ತಿಲ್ಲದೆಯೇ ಬೇಸಿಗೆಯ ಆಟಗಾರರ ವ್ಯಾಪಾರದ ಬಾಗಿಲು ತೆರೆದು ಕೂತಿತು. ಮದುವೆಗೆ ಅಡುಗೆ ಭಟ್ಟರನ್ನೇ ಗೊತ್ತು ಮಾಡದೆ ತರಕಾರಿಗೆಂದು ಸಂತೆಗೆ ಹೋದವರ ಹಾಗೆ. ಎಡಗಡೆಯ ಬ್ಯಾಕ್ ಬೇಕೋ, ಮಧ್ಯದಲ್ಲಿ ಚೆಂಡು ಹಿಡಿದು ನಿಲ್ಲಬಲ್ಲವನು ಬೇಕೋ, ಯಾರು ಹೇಳಬೇಕು? ಯಾರನ್ನು ಮಾರಬಾರದು ಎಂದು ಯಾರು ಕೈ ಅಡ್ಡ ಹಿಡಿಯಬೇಕು?

2024ರಲ್ಲಿ ಕೆಳಗಿಳಿದ ಬರ್ನ್ಲಿ ಕೂಡ ಜುಲೈವರೆಗೆ ಕೋಚ್ ಇಲ್ಲದೆ ಇತ್ತು, ಆದರೂ 100 ಅಂಕ ಗಳಿಸಿ ಮೇಲೆ ಬಂತಲ್ಲ ಎಂದು ಕೆಲವರು ವಾದಿಸುತ್ತಾರೆ. ಬರ್ನ್ಲಿಯ ಕೋಚ್ ವಿನ್ಸೆಂಟ್ ಕೊಂಪನಿಯನ್ನು ಬಯರ್ನ್ ಮ್ಯೂನಿಕ್ ಕೇಳಿ ಕರೆದುಕೊಂಡು ಹೋಯಿತು. ಅದು ಅವರ ಕೈಮೀರಿದ ವಿಷಯ. ಆಮೇಲೆ ಬಂದ ಸ್ಕಾಟ್ ಪಾರ್ಕರ್ ಡಿಫೆನ್ಸನ್ನು ಕಟ್ಟಿ 46 ಪಂದ್ಯಗಳಲ್ಲಿ ಬರೀ 16 ಗೋಲು ಬಿಟ್ಟುಕೊಟ್ಟರು. ಲೆಸ್ಟರ್ ಕೋಚನ್ನು ಯಾರೂ ಬಂದು ಕೇಳಿರಲಿಲ್ಲ. ಹೋಲಿಸಲೇಬೇಕಿದ್ದರೆ ಸಂಡರ್‌ಲೆಂಡ್ ಜೊತೆ ಹೋಲಿಸಿ.

2017ರ ಏಪ್ರಿಲ್ 29ರಂದು ಸಂಡರ್‌ಲೆಂಡ್ 10 ವರ್ಷಗಳ ಪ್ರೀಮಿಯರ್ ಲೀಗ್ ವಾಸ ಮುಗಿಸಿ ಕೆಳಗಿಳಿಯಿತು. ಕೋಚ್ ಡೇವಿಡ್ ಮೊಯೆಸ್ ರಾಜೀನಾಮೆ ಕೊಟ್ಟು ಹೋದರು. ಸೈಮನ್ ಗ್ರೇಸನ್ ಬಂದದ್ದು ಜೂನ್ 29ಕ್ಕೆ. ಸರಿಯಾಗಿ ಎರಡು ತಿಂಗಳು. ಅಷ್ಟರಲ್ಲಿ, ಆ ಋತುವಿನಲ್ಲಿ 15 ಗೋಲು ಹೊಡೆದಿದ್ದ ಜರ್ಮೇನ್ ಡೆಫೊ ಒಪ್ಪಂದದ ಷರತ್ತು ಬಳಸಿ ಒಂದು ಪೌಂಡೂ ತಂದುಕೊಡದೆ ಬೋರ್ನ್‌ಮತ್‌ಗೆ ಹೋಗಿಯಾಗಿತ್ತು. ಅಕಾಡೆಮಿಯಲ್ಲೇ ಬೆಳೆದ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫೋರ್ಡ್ ಎವರ್ಟನ್ ಪಾಲಾಗಿದ್ದ. ಇನ್ನೊಂದು ಕಡೆ, ತಂಡ ಕೆಳಗಿಳಿದರೆ ಸಂಬಳ ಇಳಿಯಬೇಕೆಂಬ ಷರತ್ತೇ ಇಲ್ಲದ ಒಪ್ಪಂದದಲ್ಲಿ ಜ್ಯಾಕ್ ರಾಡ್‌ವೆಲ್ ಉಳಿದಿದ್ದ. ವಾರಕ್ಕೆ 70 ಸಾವಿರ ಪೌಂಡ್ ಎಂದು ಆಗ ಪತ್ರಿಕೆಗಳು ಬರೆದವು. ಆಟಗಾರನನ್ನು ನಾನು ದೂರುವುದಿಲ್ಲ. ಕೊಟ್ಟ ಸಂಬಳವನ್ನು ಯಾರು ಬೇಡ ಎನ್ನುತ್ತಾರೆ? ಆ ಕಾಗದ ಬರೆದವರು ಉತ್ತರ ಕೊಡಬೇಕಿತ್ತು. ಗ್ರೇಸನ್ ಅಕ್ಟೋಬರ್ ಕೊನೆಗೆ ಮನೆಗೆ ಹೋದರು. ಮರುವರ್ಷವೇ ತಂಡ ಮೂರನೆಯ ದರ್ಜೆಗೆ ಬಿತ್ತು, ಅಲ್ಲಿ 4 ಋತು ಒದ್ದಾಡಿತು. ಪ್ರೀಮಿಯರ್ ಲೀಗ್‌ಗೆ ಮರಳಲು ಅರ್ಹತೆ ಸಿಕ್ಕಿದ್ದು 2025ರ ಮೇ 24ರಂದು, ವೆಂಬ್ಲಿಯಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ 2-1 ಗೆದ್ದು. ಒಂದು ಬೇಸಿಗೆಯ ಮೈಮರೆವಿಗೆ 8 ವರ್ಷದ ಶಿಕ್ಷೆ.

ಕೆಳಗಿಳಿದ ಮೇಲೆ ಯೋಜನೆ ಮಾಡುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ಯೋಜನೆ ಮಾಡಬೇಕಾದದ್ದು ಗೆಲ್ಲುತ್ತಿರುವಾಗ, ಒಪ್ಪಂದದ ಕಾಗದದ ಮೇಲೆ. ಇಪ್ಸ್‌ವಿಚ್ 2024ರಲ್ಲಿ ಲಿಯಾಮ್ ಡೆಲಾಪ್‌ನನ್ನು ಕೊಂಡಾಗ, ತಂಡ ಕೆಳಗಿಳಿದರೆ 3 ಕೋಟಿ ಪೌಂಡ್‌ಗೆ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಟ್ಟಿತ್ತು. 2025ರ ಜೂನ್ ಮೊದಲ ವಾರದಲ್ಲೇ ಚೆಲ್ಸಿ ಆ ಹಣ ಕಟ್ಟಿ ಹುಡುಗನನ್ನು ಕರೆದೊಯ್ದಿತು. ಅಗ್ಗವಾಯಿತು ಎಂದು ಗೊಣಗಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದು ಮೆಕೆನ್ನಾಗೆ ಮೊದಲೇ ಗೊತ್ತಿತ್ತು. ಹೊಸ ಸ್ಟ್ರೈಕರ್‌ನನ್ನು ಹುಡುಕಲು ಇಡೀ ಬೇಸಿಗೆ ಕೈಯಲ್ಲಿತ್ತು.

ಲೀಡ್ಸ್ ಇದಕ್ಕೆ ವಿರುದ್ಧ. ಅವರು ಬರೆದುಕೊಟ್ಟ ಷರತ್ತೇ ಅವರ ಕುತ್ತಿಗೆ ಹಿಸುಕಿತು. 2023ರಲ್ಲಿ ಕೆಳಗಿಳಿದಾಗ ಎಷ್ಟೋ ಆಟಗಾರರಿಗೆ ಒಂದು ಋತುವಿನ ಮಟ್ಟಿಗೆ ಬೇರೆ ಕ್ಲಬ್‌ಗೆ ಲೋನ್ ಮೇಲೆ ಹೋಗುವ ಹಕ್ಕಿತ್ತು. ಆರನ್ಸನ್ ಯೂನಿಯನ್ ಬರ್ಲಿನ್‌ಗೆ, ಕೋಕ್ ಫ್ರಾಂಕ್‌ಫರ್ಟ್‌ಗೆ, ಕ್ರಿಸ್ಟೆನ್ಸನ್ ರೋಮಾಗೆ, ಹ್ಯಾರಿಸನ್ ಎವರ್ಟನ್‌ಗೆ ಹೊರಟರು. ಮಾರಿದರೆ ಹಣವಾದರೂ ಬರುತ್ತಿತ್ತು. ಇಲ್ಲಿ ಹಣವೂ ಇಲ್ಲ, ಆಟಗಾರರೂ ಇಲ್ಲ. ಹೊಸ ಕೋಚ್ ಡೇನಿಯಲ್ ಫಾರ್ಕ ಉಳಿದವರನ್ನು ಕಟ್ಟಿಕೊಂಡು, ಚೆಲ್ಸಿಯಿಂದ ಈಥನ್ ಆಂಪಡು, ಸ್ವಾನ್ಸಿಯಿಂದ ಪಿರೂ ಮೊದಲಾದವರನ್ನು ತಂದು ತಂಡ ನಿಲ್ಲಿಸಿದರು. ಮೇಲೆ ಬರಲು 2 ವರ್ಷ ಹಿಡಿಯಿತು.

ಲೆಸ್ಟರ್‌ಗೆ ಈ ಪಾಠ ಹೊಸದಲ್ಲ. ಅದಕ್ಕೇ ಹೆಚ್ಚು ಕೋಪ. 2023ರಲ್ಲಿ ಇದೇ ಕ್ಲಬ್ 34 ಅಂಕಕ್ಕೆ ಕೆಳಗಿಳಿದಾಗ ಏನಾಯಿತು? 2021ರ ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ಏಕೈಕ ಗೋಲು ಹೊಡೆದ ಯೂರಿ ಟೀಲೆಮಾನ್ಸ್, ಒಪ್ಪಂದ ಮುಗಿದು ಬಿಟ್ಟಿಯಾಗಿ ಆಸ್ಟನ್ ವಿಲ್ಲಾಗೆ ಹೋದ. ಸೊಯುಂಚು ಬಿಟ್ಟಿಯಾಗಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ. ಒಬ್ಬಿಬ್ಬರಲ್ಲ, ಅನುಭವಿಗಳ ಒಂದು ಸಾಲೇ ಹಾಗೆ ಎದ್ದು ಹೋಯಿತು. ಕೈಗೆ ಹಣ ತಂದದ್ದು ಜೇಮ್ಸ್ ಮ್ಯಾಡಿಸನ್ ಮತ್ತು ಹಾರ್ವಿ ಬಾರ್ನ್ಸ್, ಇಬ್ಬರಿಂದ ಸುಮಾರು 7.8 ಕೋಟಿ ಪೌಂಡ್. ಆ ಬೇಸಿಗೆ ಹೊಸ ಕೋಚ್ ಎನ್ಜೊ ಮರೆಸ್ಕಾ ಜೂನ್‌ನಲ್ಲೇ ಬಂದು ಕೂತರು, ತನಗೆ ಬೇಕಾದ ವಿಂಕ್ಸ್, ಹರ್ಮನ್‌ಸನ್, ಮವಿಡಿಡಿ ಅವರನ್ನು ತರಿಸಿಕೊಂಡರು. 97 ಅಂಕ, ಚಾಂಪಿಯನ್ ಪಟ್ಟ, ಒಂದೇ ವರ್ಷದಲ್ಲಿ ವಾಪಸು. ಬೇಗ ಬಂದ ಕೋಚ್‌ನಿಂದ ಏನಾಗುತ್ತದೆ ಎಂಬುದಕ್ಕೆ ಬೇರೆ ಊರಿನ ಉದಾಹರಣೆ ಯಾಕೆ, ಅವರದೇ ಕಡತದಲ್ಲಿದೆಯಲ್ಲ!

ಈಗ ನಾನು ಈ ಅಂಕಣದಲ್ಲಿ ಬಿಡದೆ ಹೇಳುತ್ತ ಬಂದಿರುವ ವಿಷಯಕ್ಕೆ ಬರುತ್ತೇನೆ. ಓದುಗರಿಗೆ ಬೇಸರವಾದರೂ ಸರಿ, ಮತ್ತೆ ಹೇಳುತ್ತೇನೆ. ತಂಡ ಕಷ್ಟಕ್ಕೆ ಬಿದ್ದಾಗ ಮೊದಲು ಮಾರಾಟಕ್ಕೆ ಹೋಗುವವನು ಮನೆಯಲ್ಲೇ ಬೆಳೆದ ಹುಡುಗ. ಇದಕ್ಕೆ ಕಾರಣ ಲೆಕ್ಕದ ಪುಸ್ತಕ. 2025ರಲ್ಲಿದ್ದ ನಿಯಮದಂತೆ ಮೂರು ವರ್ಷದಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ 10.5 ಕೋಟಿ ಪೌಂಡ್‌ಗಿಂತ, ಅದರ ಕೆಳಗಿನ ದರ್ಜೆಯಾದ ಚಾಂಪಿಯನ್‌ಶಿಪ್‌ನ ಕ್ಲಬ್ 3.9 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. 2 ಕೋಟಿ ಕೊಟ್ಟು 5 ವರ್ಷದ ಒಪ್ಪಂದಕ್ಕೆ ತಂದ ಆಟಗಾರನ ಬೆಲೆಯನ್ನು ವರ್ಷಕ್ಕೆ 40 ಲಕ್ಷದಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷದ ಮೇಲೆ 1.2 ಕೋಟಿಗೆ ಮಾರಿದರೆ ಲಾಭ ಸೊನ್ನೆ. ಅಕಾಡೆಮಿಯ ಹುಡುಗನ ಬೆಲೆ ಪುಸ್ತಕದಲ್ಲಿ ಮೊದಲಿನಿಂದಲೂ ಸೊನ್ನೆ, ಹಾಗಾಗಿ ಮಾರಿದ ಪೂರ್ತಿ ಹಣ ಲಾಭ. ಎಂಟು ವರ್ಷದವನಾಗಿ ಲೆಸ್ಟರ್ ಸೇರಿದ ಕೀರ್ನನ್ ಡ್ಯೂಸ್‌ಬರಿ-ಹಾಲ್, ತಂಡವನ್ನು ಮೇಲಕ್ಕೆ ತಂದ ಆ ಋತುವಿನಲ್ಲಿ ಲೀಗ್‌ನಲ್ಲೇ 12 ಗೋಲು ಹೊಡೆದಿದ್ದ. ಮೇಲೆ ಬಂದ ತಂಡಕ್ಕಾಗಿ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯ ಆಡಿಸುವ ಮೊದಲೇ ಅವನನ್ನು ಸುಮಾರು 3 ಕೋಟಿ ಪೌಂಡ್‌ಗೆ ಚೆಲ್ಸಿಗೆ ಮಾರಿದರು. ಲೀಡ್ಸ್‌ನಲ್ಲಿ ಆರ್ಚಿ ಗ್ರೇ. ಅವನ ಅಪ್ಪ ಆಂಡಿ, ಅಜ್ಜ ಫ್ರಾಂಕ್, ಅಜ್ಜನ ಅಣ್ಣ ಎಡ್ಡಿ, ಎಲ್ಲರೂ ಅದೇ ಬಿಳಿ ಅಂಗಿ ತೊಟ್ಟವರು. 2024ರಲ್ಲಿ ಮೇಲೇರಲು ಆಡುವ ಪ್ಲೇಆಫ್ ಫೈನಲ್ ಸೋತ ಕೆಲವೇ ವಾರಕ್ಕೆ, 18 ವರ್ಷದ ಅವನು ಟಾಟನ್‌ಹ್ಯಾಮ್ ಅಂಗಿಯಲ್ಲಿ ನಿಂತಿದ್ದ. ಮೂರು ತಲೆಮಾರಿನ ನಂಟನ್ನು ಒಂದು ನಿಯಮ ಕಡಿದುಹಾಕುತ್ತದೆ ಎಂದರೆ ಆ ನಿಯಮದಲ್ಲೇ ದೋಷವಿದೆ. ಸಾಲದಿಂದ ಕ್ಲಬ್‌ಗಳನ್ನು ಕಾಪಾಡಲು ಮಾಡಿದ ನಿಯಮ ಊರಿನ ಮಕ್ಕಳನ್ನು ಮಾರಲು ಹುರಿದುಂಬಿಸುತ್ತಿದೆ. ಇದನ್ನು ತಿದ್ದುವವರೆಗೆ ನಾನು ಸುಮ್ಮನಿರುವುದಿಲ್ಲ.

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನೋಡಿ ಬೆಳೆದ ನಮ್ಮ ಹುಡುಗರಿಗೆ ಈ ಭಯ ಗೊತ್ತಿಲ್ಲ. 2025ರವರೆಗೆ ಅಲ್ಲಿ ಕೊನೆಯ ಸ್ಥಾನಕ್ಕೆ ಬಂದವರೂ ಮರುವರ್ಷ ಅದೇ ಲೀಗ್‌ನಲ್ಲಿ ಆಡುತ್ತಿದ್ದರು. ಬೆಂಗಳೂರಿನ ಜಿಲ್ಲಾ ಲೀಗ್ ಆಡಿದವರಿಗೆ ಗೊತ್ತು. ಆಸ್ಟಿನ್ ಟೌನ್‌ನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಕಾರ್ಖಾನೆಯೊಂದರ ತಂಡಕ್ಕೆ ಹಾಫ್ ಬ್ಯಾಕ್ ಆಗಿದ್ದವರು. ಅವರ ತಂಡ ಎ ಡಿವಿಷನ್‌ನಿಂದ ಇಳಿದ ವರ್ಷದ ಕಥೆಯನ್ನು ಈ ವಾರ ಮತ್ತೆ ಕೇಳಿದೆ.

"ಪ್ರಾಕ್ಟೀಸ್‌ಗೆ ಅಂತ ನಮಗೆ ಮಧ್ಯಾಹ್ನ ಎರಡಕ್ಕೇ ಶಿಫ್ಟ್ ಬಿಡೋರು ಸಾರ್. ಕೆಳಗೆ ಹೋದ್ವಲ್ಲ, ಇನ್ಮೇಲೆ ಅದಿಲ್ಲ, ಪೂರ್ತಿ ಶಿಫ್ಟ್ ಮಾಡಿ ಅಂದ್ರು. ನಮ್ಮ ಕೋಚ್ ಮಾರನೇ ದಿನ ಬೆಳಿಗ್ಗೇನೇ ಪರ್ಸನಲ್ ಆಫೀಸರ್ ಹತ್ರ ಹೋಗಿ ಕೂತ್ಬಿಟ್ರು. ಆ ಎರಡು ಗಂಟೆ ವಾಪಸ್ ಕೊಡೋವರೆಗೂ ಏಳಲ್ಲ ಅಂತ."

"ಹೊಸಬರನ್ನ ತಗೊಳ್ಳಲಿಲ್ವಾ?" ಎಂದೆ.

"ತಗೊಂಡ್ರು. ಕಾರ್ಖಾನೆ ಅಪ್ರೆಂಟಿಸ್ ಹುಡುಗರು ಇಬ್ಬರು. ಆದ್ರೆ ಅದು ಆಮೇಲೆ ಸಾರ್. ಮೊದಲು ಇದ್ದ ಹನ್ನೊಂದು ಜನರನ್ನ ನೆಟ್ಟಗೆ ಉಳಿಸ್ಕೊಂಡ್ರು."

ಆ ಕೋಚ್‌ಗೆ ಡೈರೆಕ್ಟರ್ ಆಫ್ ಫುಟ್‌ಬಾಲ್ ಎಂಬ ಹುದ್ದೆ ಇರಲಿಲ್ಲ, ಆಟಗಾರರ ಅಂಕಿಅಂಶ ಅಳೆಯುವ ಕಂಪ್ಯೂಟರ್ ಇರಲಿಲ್ಲ. ಕೆಲಸದ ಕ್ರಮ ಮಾತ್ರ ಗೊತ್ತಿತ್ತು. ಮೊದಲು ಯಾರು ಉಳಿಯಬೇಕು, ಅದಕ್ಕೆ ಏನು ಬೇಕು. ಕೊಳ್ಳುವುದು ಆಮೇಲೆ.

ಅದೇ ಕ್ರಮದಲ್ಲಿ ದೊಡ್ಡ ಮಟ್ಟದಲ್ಲಿ ನಡೆದದ್ದು 2016ರ ನ್ಯೂಕಾಸಲ್. ಹಿಂಬಡ್ತಿ ಖಾತ್ರಿಯಾದ ಎರಡೇ ವಾರಕ್ಕೆ ರಾಫಾ ಬೆನಿಟೆಝ್ ತಾನು ಉಳಿಯುತ್ತೇನೆ ಎಂದು ಸಹಿ ಹಾಕಿದರು. ಚಾಂಪಿಯನ್ಸ್ ಲೀಗ್ ಗೆದ್ದ ಕೋಚ್ ಎರಡನೆಯ ದರ್ಜೆಗೆ ಇಳಿದು ಬಂದದ್ದು ಊರಿಗೇ ಬಲ ಕೊಟ್ಟಿತು. ವೈನಾಲ್ಡಮ್ 2.5 ಕೋಟಿಗೆ ಲಿವರ್‌ಪೂಲ್‌ಗೆ, ಸಿಸ್ಸೊಕೊ 3 ಕೋಟಿಗೆ ಟಾಟನ್‌ಹ್ಯಾಮ್‌ಗೆ ಹೋದರು. ಅತ್ತ ಬೆನಿಟೆಝ್ ತಂದದ್ದು ಕೆಳಗಿನ ಲೀಗ್‌ನ ಕೆಸರು, ಚಳಿ, ವಾರಕ್ಕೆರಡು ಪಂದ್ಯದ ದಣಿವು ಬಲ್ಲವರನ್ನು. ಹಿಂದಿನ ವರ್ಷವಷ್ಟೇ ಬೋರ್ನ್‌ಮತ್ ಜೊತೆ ಆ ಲೀಗ್ ಗೆದ್ದಿದ್ದ ಮ್ಯಾಟ್ ರಿಚಿ 1.2 ಕೋಟಿಗೆ ಬಂದ. 1 ಕೋಟಿಗೆ ಬಂದ ಡ್ವೈಟ್ ಗೇಲ್ ಲೀಗ್‌ನಲ್ಲಿ 23 ಗೋಲು ಹೊಡೆದ. 94 ಅಂಕ, ಮೊದಲ ಸ್ಥಾನ. 46 ಪಂದ್ಯದ ಲೀಗ್‌ಗೆ ಬೇಕಾದದ್ದು ಹೆಸರಲ್ಲ, ಡಿಸೆಂಬರ್‌ನ ಮಂಗಳವಾರ ರಾತ್ರಿ ಓಡುವ ಕಾಲು.

ಕೆಳಗಿಳಿದವರಿಗೆ ಪ್ರೀಮಿಯರ್ ಲೀಗ್ ಕೊಡುವ ಪ್ಯಾರಾಚೂಟ್ ಹಣವೂ ಕಾಯುವುದಿಲ್ಲ. ಟಿವಿ ಹಕ್ಕಿನ ಸಮಪಾಲಿನಲ್ಲಿ ಮೊದಲ ವರ್ಷ 55 ಶೇಕಡ, ಎರಡನೆಯ ವರ್ಷ 45, ಮೂರನೆಯ ವರ್ಷ 20. ಒಂದೇ ಋತು ಮೇಲಿದ್ದು ಇಳಿದವರಿಗೆ ಮೂರನೆಯ ಕಂತು ಇಲ್ಲ. ಲೆಸ್ಟರ್‌ಗೆ ಸಿಗುವುದು 2 ವರ್ಷ. ಇದರ ಮೇಲೆ ಹಣಕಾಸಿನ ನಿಯಮ ಮುರಿದ ಆರೋಪವನ್ನು ಪ್ರೀಮಿಯರ್ ಲೀಗ್ 2025ರ ಮೇ ತಿಂಗಳಲ್ಲಿ ಸ್ವತಂತ್ರ ಆಯೋಗಕ್ಕೆ ಒಪ್ಪಿಸಿತು, ಅಂಕ ಕಡಿತವಾಗುವ ಸಾಧ್ಯತೆಯೂ ಇತ್ತು. ಜೇಮಿ ವಾರ್ಡಿ ಹೋಗಿಯಾಯಿತು. 2012ರಲ್ಲಿ ಫ್ಲೀಟ್‌ವುಡ್‌ನಿಂದ 10 ಲಕ್ಷ ಪೌಂಡ್‌ಗೆ ಬಂದವನು, 500ನೆಯ ಪಂದ್ಯದಲ್ಲಿ 200ನೆಯ ಗೋಲು ಹೊಡೆದು ಕೈ ಮುಗಿದ. ಅವನಿಗೊಂದು ಬದಲಿ ಹುಡುಕಲು 13 ವರ್ಷ ಇತ್ತು.

ಆ ಬೇಸಿಗೆಗೆ ಉಳಿದಿದ್ದವರಲ್ಲಿ ಜೆರೆಮಿ ಮೊಂಗಾ ಎಂಬ ಹುಡುಗನಿದ್ದ. 2025ರ ಏಪ್ರಿಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಮೈದಾನಕ್ಕಿಳಿದಾಗ ಅವನಿಗೆ 15 ವರ್ಷ. ಬೆಟ್ಟಿಂಗ್ ಕಂಪನಿಯ ಹೆಸರಿರುವ ಅಂಗಿಯನ್ನು ಅಷ್ಟು ಚಿಕ್ಕವನಿಗೆ ತೊಡಿಸುವಂತಿಲ್ಲವೆಂದು ಬೇರೆ ಅಂಗಿ ಕೊಟ್ಟು ಆಡಿಸಿದರು. ದೊಡ್ಡ ಕ್ಲಬ್‌ಗಳ ಕಣ್ಣು ಅವನ ಮೇಲೆ ಬೀಳದೆ ಇರುವಂತಿರಲಿಲ್ಲ, ಲೆಕ್ಕಪತ್ರದವರ ಕಣ್ಣೂ ಅಷ್ಟೇ. ಆ ಬೇಸಿಗೆ ಲೆಸ್ಟರ್‌ನಿಂದ ಯಾರಾದರೂ ಹೊರಡಲೇಬೇಕು ಎಂದಿದ್ದರೆ, ಮೂರು ವರ್ಷದಲ್ಲಿ ಎರಡು ಸಲ ತಂಡವನ್ನು ಕೆಳಗಿಳಿಸಿಯೂ ಅದೇ ಕುರ್ಚಿಯಲ್ಲಿ ಕೂತಿದ್ದ ಆಡಳಿತಗಾರರು ಹೊರಡಬೇಕಿತ್ತು. ಅವರಿಗೆ ಯಾವ ಕ್ಲಬ್ಬೂ ಒಂದು ಪೌಂಡ್ ಕೊಡುತ್ತಿರಲಿಲ್ಲ, ಆದರೂ ಕಳಿಸಬೇಕಿತ್ತು.